ಗ್ಲಿಬ್ ಎಂದರೆ ಹೊಗಳಿಕೆಯಲ್ಲ

ಚಲೇಜಾವ್ ಚಳವಳಿಯ ವರ್ಷ ನನ್ನ ತಮ್ಮ ಧಾರವಾಡದ ಪೊಲೀಸರಿಂದ ತಪ್ಪಿಸಿಕೊಂಡು ಪುಣೆಗೆ ಬಂದ. ತಂತಿ ಕತ್ತರಿಸಿದ ಆರೋಪ ಅವನ ಮೇಲಿತ್ತು. ನಮ್ಮ ಯಜಮಾನರು ದೌಂಡದಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ಇಲ್ಲಿ ನಾನು, ನಮ್ಮ ಮಾವ ಇಬ್ಬರೇ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ತಮ್ಮನನ್ನು ಅಟ್ಟದ ಮೇಲೆ ಬಚ್ಚಿಟ್ಟೆವು.

ಎಂಟನೆಯ ದಿನ ಬೆಳಿಗ್ಗೆ ಒಬ್ಬ ಬಿಳಿಯ ಪೊಲೀಸ್ ಅಧಿಕಾರಿ ಬಾಗಿಲಿಗೆ ಬಂದ. ಉತ್ತರಗಳನ್ನು ನಾನು ಮೊದಲೇ ಬಾಯಿಪಾಠ ಮಾಡಿದ್ದೆ. ತಮ್ಮನ ಕಾಗದ ಯಾವಾಗ ಬಂದದ್ದು, ಪಂಚಮಿಗೆ ನನ್ನನ್ನು ಕರೆಯಲು ಅವನೇಕೆ ಬರಲಿಲ್ಲ, ಎಲ್ಲವನ್ನೂ ಇಂಗ್ಲಿಷಿನಲ್ಲಿ ತಡವರಿಸದೆ ಹೇಳಿದೆ. ಆತ ನಕ್ಕು, "ವೆರಿ ಗ್ಲಿಬ್, ಮೇಡಂ" ಎಂದು ಹೊರಟುಹೋದ.

"ಏನಂದಾ?" ಮಾವ ಒಳಗಿನಿಂದ ಕೇಳಿದರು.

"ನನ್ನ ಇಂಗ್ಲಿಷ್ ಮೆಚ್ಚಿಕೊಂಡ್ರಿ, ಮಾವಾರ. ಗ್ಲಿಬ್ ಅಂದ. ಸರಾಗ ಅಂತ ಇರಬೇಕ್ರಿ ಅರ್ಥ."

ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು ಅವರು. ಮುಖ ಬಿಳಿಚಿತು.

"ಅಲ್ಲವ್ವಾ, ಸುಳ್ಳು ಸಾಕ್ಷಿ ಹೇಳವರಿಗೆ ಸಾಹೇಬರು ಅನ್ನೋ ಮಾತದು. ನಾಲಿಗಿ ನುಣ್ಣಗದ, ಒಳಗ ಖರೇ ಇಲ್ಲ ಅಂತ. ಅವಾ ನಿನ್ನ ನಂಬಿಲ್ಲ. ಮತ್ತ ಬರ್ತಾನ."

ಕಿಟಕಿಯಿಂದ ಇಣುಕಿದೆ. ಓಣಿಯ ತುದಿಯಲ್ಲಿ ಆಗಲೇ ಒಬ್ಬ ಪೇದೆ ನಿಂತಿದ್ದ.

ಮಾವ ತಮ್ಮ ಕೋಟು, ರುಮಾಲು, ಕೊಡೆ ತೆಗೆದುಕೊಟ್ಟರು. ನನ್ನ ತಮ್ಮ ಕೋಟು, ರುಮಾಲು ತೊಟ್ಟು, ಕೊಡೆ ಹಿಡಿದು, ಮುದುಕನಂತೆ ಬೆನ್ನು ಬಾಗಿಸಿಕೊಂಡು ಹಿತ್ತಲ ಬಾಗಿಲಿನಿಂದ ಇನ್ನೊಂದು ಓಣಿಗೆ ಇಳಿದ. ಟಾಂಗಾದಲ್ಲಿ ಹಡಪಸರಕ್ಕೆ ಹೋಗಿ, ಅಲ್ಲಿಂದ ರೈಲಿನಲ್ಲಿ ದೌಂಡ ಸೇರುವುದೆಂದು ಮಾತಾಗಿತ್ತು.

ಮಧ್ಯಾಹ್ನ ಆ ಅಧಿಕಾರಿ ನಾಲ್ವರು ಪೇದೆಗಳೊಂದಿಗೆ ಮರಳಿದ. ಅಟ್ಟದಲ್ಲಿ ಹಾಸಿಗೆ ಸಿಕ್ಕಿತು. ಇಲ್ಲಿ ಮಲಗುವವರು ಯಾರು ಎಂದು ಕೇಳಿದ. ನನ್ನ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ.

"ನಾನು," ಎಂದರು ಮಾವ, ಇಂಗ್ಲಿಷಿನಲ್ಲಿ.

"ಹಾಗಾದರೆ ಹತ್ತಿ ತೋರಿಸು."

ಎಪ್ಪತ್ತರ ಮುದುಕರು ಏಣಿಗೆ ಕಾಲಿಟ್ಟರು. ಮೂರನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವರು ಮೇಲೆ ಹಾಸಿಗೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಅಧಿಕಾರಿ ಅವರನ್ನೇ ಬಹಳ ಹೊತ್ತು ನೋಡಿ, ಪೇದೆಗಳನ್ನು ಕರೆದುಕೊಂಡು ಹೋದ.

ನಾಲ್ಕು ದಿನ ತಮ್ಮನ ಸುದ್ದಿಯಿಲ್ಲ. ಐದನೆಯ ದಿನ ಯಜಮಾನರೇ ದೌಂಡದಿಂದ ಬಂದು, ಅವನನ್ನು ಸೋಲಾಪುರದ ಗಾಡಿ ಹತ್ತಿಸಿದೆನೆಂದರು. ಅವನು ಸಿಕ್ಕಿಬೀಳಲಿಲ್ಲ. ಆದರೂ ಅವನು ಊರಿಗೆ ಮರಳುವವರೆಗೆ, ಯಾರು ಬಾಗಿಲು ಬಡಿದರೂ ನಾನು ಮಾವನವರನ್ನೇ ಮುಂದೆ ಕಳಿಸುತ್ತಿದ್ದೆ.