ಮೂಡಲ ಬಾಗಿಲಿನ ಕ್ಯಾಬಿನ್

ರಜದಲ್ಲೂ ಕಾಗದ ಬರೆದು ಕಾಡುತ್ತಿದ್ದೇನೆ, ಕ್ಷಮಿಸಿ ಗೆಳೆಯರೇ. ಸಿಟ್ಟು ತಡೆಯಲಾಗುತ್ತಿಲ್ಲ. ಅಮ್ಮನ ದೇಶ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ, ಎಂಜಿನ್ನಿನಿಂದ ದೂರದ, ಸದ್ದಿಲ್ಲದ ಕ್ಯಾಬಿನ್ ಬೇಕೆಂದು, ಕಂಪನಿ ಕಳಿಸಿದ್ದ ನಕ್ಷೆಯಲ್ಲಿ ಗುರುತು ಹಾಕಿದ್ದೆ. ಹಾಸ್ಟೆಲಿನ ಗದ್ದಲದಲ್ಲಿ ನಾನು ನಿದ್ದೆಗೆಟ್ಟದ್ದು ನಿಮಗೆ ಗೊತ್ತೇ ಇದೆ. ಇಳಿದ ಮರುದಿನವೇ ಅಲ್ಲಿನ ಕಾಲೇಜಿನ ಪ್ರವೇಶ ಪರೀಕ್ಷೆ ಬೇರೆ. ಇವತ್ತು ಭೀಮನಬೀಡಿನಿಂದ ಬಂದ ದೊಡ್ಡಪ್ಪ, ಹಡಗಿನ ನಕ್ಷೆಯನ್ನು ಹೊಲದ ನಕ್ಷೆಯಂತೆ ಹಿಡಿದು, ಮೇಲ್ಭಾಗವೇ ಉತ್ತರವೆಂದು ತೀರ್ಮಾನಿಸಿದರು.

"ನಿನ್ ರೂಮಿನ ಬಾಗ್ಲು ತೆಂಕ್ಲಾಗದೆ ಕಣ್ಲಾ. ಮೂಡ್ಲಾಗಿರೋದು ಇದೊಂದೇಯ."

"ಅದು ಎಂಜಿನ್ ಪಕ್ಕ! ಹಡಗು ತಿರುಗುತ್ತೆ, ದೊಡ್ಡಪ್ಪ!"

"ತಿರುಗ್ಲಿ ಬುಡ್ಲಾ. ಬಾಗ್ಲು ಎಲ್ಗೋದದು?"

ನನ್ನ ಗುರುತು ಅಳಿಸಿ, ತಮ್ಮದು ಹಾಕಿ, ನಕ್ಷೆಯನ್ನು ತಾವೇ ಗುಂಡ್ಲುಪೇಟೆ ಅಂಚೆಗೆ ಹಾಕಿಬಂದರು. ದಾರಿಯುದ್ದಕ್ಕೂ ನಿದ್ದೆಗೆಡುವವನು ನಾನು, ಶುಭವಾಗುವುದು ಮಾತ್ರ ಬಾಗಿಲಿಗೆ! ಹಡಗಿನ ಕಂಪನಿಗೆ ಏನೆಂದು ಬರೆದರೆ ಕ್ಯಾಬಿನ್ ಬದಲಿಸುತ್ತಾರೆ? ಬೇಗ ಉತ್ತರ ಬರೆಯಿರಿ.