‘ನಂಗೆ ಇಂಗ್ಲಿಷ್ ಬರಲ್ಲ ಸಾರ್’ ಅಂದ ದಿನ

ಎರಡು ವರ್ಷದ ಹಿಂದಿನ ಆಯುಧಪೂಜೆಯ ಸಮಯ. ಆಗ ನಾನು ತುಮಕೂರಿನ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಲಾಗದೆ ಸೇರಿದ ಕೆಲಸ ಅದು. ದಿನಾ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದೆ. ಬಾಗಿಲು ತೆಗೆಯುವುದು, ಗುಡಿಸುವುದು, ಕಂಪ್ಯೂಟರ್‌ಗಳ ಧೂಳು ಒರೆಸುವುದು, ಸಂಜೆ ಎಲ್ಲ ಆಫ್ ಮಾಡಿ ಬೀಗ ಹಾಕುವುದು ನನ್ನ ಪಾಲಿನ ಕೆಲಸ. ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಇಂಗ್ಲಿಷ್ ಮಾತಾಡಲು ಬಾರದು, ಆದರೆ ಓದಲು ಬರೆಯಲು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಲ್ಯಾಬ್ ನೋಡಿಕೊಳ್ಳುತ್ತಿದ್ದವರು ವೀಣಾ ಮೇಡಂ. ಕುಣಿಗಲ್‌ನವರು, ನನ್ನ ಮಗಳಿಗಿಂತ ಚಿಕ್ಕವರು. ಅವರ ಬಸ್ಸು ಒಂದೊಂದು ದಿನ ತಡವಾಗಿ, ಮೊದಲ ಕ್ಲಾಸಿನ ಮಕ್ಕಳು ಬಾಗಿಲಲ್ಲೇ ನಿಂತಿರುತ್ತಿದ್ದರು. ಮೇಡಂ ಮೇಜಿನ ಮೇಲಿನ ಕಂಪ್ಯೂಟರ್ ಶುರುವಾಗದೆ ಕ್ಲಾಸ್ ನಡೆಯುತ್ತಿರಲಿಲ್ಲ. ಮಕ್ಕಳ ಮಾರ್ಕ್ಸ್ ಇರುತ್ತಿದ್ದದ್ದೂ ಅದರಲ್ಲೇ. ಒಂದು ದಿನ ಪ್ರಿನ್ಸಿಪಾಲರಿಂದ ಬೈಸಿಕೊಂಡು ಬಂದ ಮೇಡಂ ನನಗೆ ಮೆಲ್ಲಗೆ ಪಾಸ್‌ವರ್ಡ್ ಹೇಳಿಕೊಟ್ಟರು.

“ಗಂಗಣ್ಣ, ಇದು ಯಾರಿಗೂ ಹೇಳೋ ಹಂಗಿಲ್ಲ. ರೂಲ್ಸ್ ಪ್ರಕಾರ ನಿಮಗೂ ಹೇಳ್ಬಾರ್ದು. ಎಲ್ಲೂ ಬರ್ದಿಡ್ಬೇಡಿ, ಆಯ್ತಾ?”

“ಅಯ್ಯೋ, ನನ್ ಹೊಟ್ಟೇಲಿರೋದು ನನ್ ಹೆಂಡ್ತಿಗೂ ಗೊತ್ತಾಗಲ್ಲ, ಬುಡಿ ಮೇಡಂ” ಅಂದೆ. ಅವರು ನಕ್ಕರು.

ನನಗೆ ಮರೆವು ಜಾಸ್ತಿ. ಎರಡು ಸಲ ತಪ್ಪು ಒತ್ತಿದ ಮೇಲೆ, ಮೇಜಿನ ಕೆಳಗಿದ್ದ ಕಪ್ಪು ಡಬ್ಬದ, ಅಂದರೆ ಸಿಪಿಯುವಿನ, ಗೋಡೆ ಕಡೆಯ ಮೈಮೇಲೆ ವೈಟ್ನರಿನಲ್ಲಿ ಬರೆದಿಟ್ಟೆ. ಬಗ್ಗಿ ಇಣುಕಿದರೆ ನನಗೊಬ್ಬನಿಗೇ ಕಾಣುವ ಜಾಗ ಅದು.

ಆಯುಧಪೂಜೆಗೆ ಲ್ಯಾಬ್ ಸಿಂಗರಿಸುವ ಜವಾಬ್ದಾರಿ ನನ್ನದೇ. ಒಂದೊಂದು ಸಿಪಿಯುವನ್ನೂ ಈಚೆಗೆ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೇಡಂ ಮೇಜಿನದನ್ನು ಮೇಲಕ್ಕೆತ್ತಿಟ್ಟು, ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿದೆ. ಬೂದುಗುಂಬಳ ಒಡೆದೆವು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ‘ನಮ್ಮ ಲ್ಯಾಬ್ ಪೂಜೆ’ ಅಂತ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಕಾಲೇಜಿನ ಎಷ್ಟೋ ಹುಡುಗರ ಹತ್ತಿರ ನನ್ನ ನಂಬರ್ ಇತ್ತು. “ಸೂಪರ್ ತಾತ” ಅಂತ ಹಲವರು ಕಳಿಸಿದರು. ನನಗೆ ಬಹಳ ಖುಷಿಯಾಗಿತ್ತು.

ರಜೆ ಕಳೆದು ಕೆಲವು ದಿನಗಳಾಗಿರಬೇಕು. ಕಾಲೇಜಿನಲ್ಲಿ ಗುಸುಗುಸು ಶುರುವಾಯಿತು. ಫೇಲಾಗುವಂತಿದ್ದ ಕೆಲವು ಹುಡುಗರ ಇಂಟರ್ನಲ್ ಮಾರ್ಕ್ಸ್ ಇದ್ದಕ್ಕಿದ್ದಂತೆ ಏರಿದೆಯಂತೆ. ತಿದ್ದಿರುವುದು ವೀಣಾ ಮೇಡಂ ಹೆಸರಿನಲ್ಲಿ, ಅವರ ಕಂಪ್ಯೂಟರಿನಿಂದ, ಊಟದ ಹೊತ್ತಿನಲ್ಲಿ. ಊಟದ ಹೊತ್ತಿನಲ್ಲಿ ನಾನು ಲ್ಯಾಬಿಗೆ ಬೀಗ ಹಾಕುತ್ತಿರಲಿಲ್ಲ, ಬಾಗಿಲು ಮುಂದಕ್ಕೆಳೆದು ಹೋಗುತ್ತಿದ್ದೆ. “ಆ ಯಮ್ಮ ಹುಡುಗ್ರತ್ರ ದುಡ್ಡು ತಗೊಂಡಿರ್ಬೇಕು ಕಣೋ” ಅಂತ ಆಫೀಸಿನವರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು.

ಪೂಜೆಯ ದಿನ ಆ ಡಬ್ಬವನ್ನು ಮೇಜಿನ ಮೇಲಿಟ್ಟದ್ದು ನನಗೆ ನೆನಪಾಯಿತು. ಮೆಟ್ಟಿಲ ಕೆಳಗೆ ನಿಂತು ಮೊಬೈಲಿನಲ್ಲಿ ಆ ಪೂಜೆಯ ಫೋಟೊ ತೆರೆದು ನೋಡಿದೆ. ಬೆರಳಲ್ಲಿ ಹಿಗ್ಗಿಸಿದೆ. ಹಾರದ ಪಕ್ಕದಲ್ಲೇ, ಕುಂಕುಮದ ಕೆಳಗೆ, ನನ್ನ ಕೈಬರಹದ ಬಿಳಿ ಅಕ್ಷರಗಳು ಒಂದೂ ಬಿಡದಂತೆ ಕಾಣುತ್ತಿದ್ದವು. ಒರೆಸುವಾಗ ತಿರುಗಿದ ಡಬ್ಬವನ್ನು ನಾನು ಹಾಗೇ ಇಟ್ಟು ಪೂಜೆ ಮಾಡಿದ್ದೆ. ಪೊಲೀಸು, ಜೀಪು, ಗುಬ್ಬಿಯ ನಮ್ಮ ಬೀದಿಯ ಜನ, ಎಲ್ಲ ಕಣ್ಣ ಮುಂದೆ ಬಂತು. ಫೋಟೊ ಅಳಿಸಿಬಿಟ್ಟೆ. ಲ್ಯಾಬಿಗೆ ಹೋಗಿ ಬ್ಲೇಡಿನಲ್ಲಿ ಆ ವೈಟ್ನರನ್ನೂ ಕೆರೆದುಹಾಕಿದೆ. ಆ ಎರಡೂ ಮೇಡಂ ಅವರನ್ನು ಉಳಿಸುವ ಸಾಕ್ಷಿಗಳು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಮಾರನೆಯ ದಿನ ಪ್ರಿನ್ಸಿಪಾಲರ ಕೋಣೆಗೆ ಕರೆ ಬಂತು. ಪ್ರಿನ್ಸಿಪಾಲರು, ಇಬ್ಬರು ಹಿರಿಯ ಲೆಕ್ಚರರುಗಳು ಕೂತಿದ್ದರು. ಮೇಡಂ ಒಂದು ಪಕ್ಕ ನಿಂತಿದ್ದರು. ಕೈಯಲ್ಲಿದ್ದ ಕರ್ಚೀಫು ಮುದ್ದೆಯಾಗಿತ್ತು.

“ಏನಯ್ಯಾ ಗಂಗಣ್ಣ, ಪಾಸ್‌ವರ್ಡ್ ನಿಂಗೊಬ್ಬನಿಗೆ ಹೇಳಿದ್ದೆ ಅಂತಾರಲ್ಲ ಇವರು. ಹೌದೇನಯ್ಯಾ?” ಅಂತ ಪ್ರಿನ್ಸಿಪಾಲರು ಕೇಳಿದರು.

ಮೇಡಂ ನನ್ನನ್ನೇ ನೋಡುತ್ತಿದ್ದರು. ನಾನೂ ಅವರ ಮುಖ ನೋಡಿದೆ. “ಇಲ್ಲ ಸಾರ್. ನಂಗ್ಯಾಕೆ ಹೇಳ್ತಾರೆ? ನಂಗೆ ಇಂಗ್ಲಿಷ್ ಬರಲ್ಲ ಸಾರ್” ಅಂದೆ.

ಎಲ್ಲರೂ ನಂಬಿದರು. ಖಾಕಿ ಅಂಗಿ ತೊಟ್ಟ ಮುದುಕ ಕಂಪ್ಯೂಟರ್ ಮುಟ್ಟುತ್ತಾನೆಂದು ಯಾರು ತಾನೆ ಅಂದುಕೊಳ್ಳುತ್ತಾರೆ? ಒಬ್ಬ ಲೆಕ್ಚರರು, “ಪಾಪದೋನ ಮೇಲೆ ಹಾಕ್ತೀರಲ್ಲಮ್ಮ, ನಾಚ್ಕೆ ಆಗಲ್ವಾ?” ಅಂತ ಮೇಡಂಗೇ ಬೈದರು. ಪೊಲೀಸರಿಗೆ ದೂರು ಕೊಡುವ ವಿಷಯ ತೀರ್ಮಾನವಾಗುವ ತನಕ ಕಾಲೇಜಿಗೆ ಬರಬೇಡಿ ಅಂತ ಮೇಡಂಗೆ ಹೇಳಿದರು. ಅವರ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ, ಯಾರೂ ಮುಟ್ಟಬಾರದೆಂದು ಲ್ಯಾಬಿಗೆ ಬೀಗ ಜಡಿದರು.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ರೈಲಿನಲ್ಲಿ ಪೊಲೀಸಿನವನೊಬ್ಬ ಪಕ್ಕದಲ್ಲಿ ಕೂತರೆ ಎದ್ದು ಬೇರೆ ಬೋಗಿಗೆ ಹೋಗುತ್ತಿದ್ದೆ. ಫೋನ್ ಸದ್ದಾದರೆ ಬೆಚ್ಚಿಬೀಳುತ್ತಿದ್ದೆ. ನನ್ನ ಹೆಂಡತಿ ಪುಟ್ಟಮ್ಮ, “ಏನ್ರೀ, ದೆವ್ವ ಮೆಟ್ಕಂಡೋರಂಗೆ ಕೂತಿದೀರ? ತಟ್ಟೇಲಿರೋದು ಮುದ್ದೆ ಕಣ್ರೀ, ಹಾವಲ್ಲ” ಅಂತ ಛೇಡಿಸಿದಳು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅವಳ ನಗು ನಿಂತುಹೋಯಿತು. “ಆ ಹೆಣ್ಮಗು ಏನಾರ ಮಾಡ್ಕಂಡ್ರೆ?” ಅಂದಳು. ನಾನು ಅಷ್ಟು ದಿನ ನನಗೇನಾಗುತ್ತದೆ ಎಂದಷ್ಟೇ ಹೆದರಿದ್ದೆ. ಈ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಬೆಳಿಗ್ಗೆಯೇ ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಅವರ ಮನೆ ಮುಂದೆ ಜನ ಸೇರಿದ್ದರೆ ಏನು ಮಾಡಲಿ ಎಂಬುದೊಂದೇ ಯೋಚನೆ. ಕೇಳಿಕೊಂಡು ಮನೆ ಹುಡುಕಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಕುಕ್ಕರ್ ಕೂಗುತ್ತಿತ್ತು. ಆ ಸದ್ದು ಕೇಳಿ ನನಗೆ ಉಸಿರು ಬಂತು.

ಮೇಡಂ ಈಚೆ ಬಂದರು. ಬಹಳ ಇಳಿದುಹೋಗಿದ್ದರು. ಜಗಲಿಯ ಹತ್ತಿರ ನಿಂತೇ ಎಲ್ಲ ಹೇಳಿದೆ, ಕೈ ಮುಗಿದೆ.

“ನಂಗೆ ಹೇಳಿ ಏನ್ ಬಂತು ಗಂಗಣ್ಣ? ಅಲ್ಲಿ ಹೇಳಿ” ಅಂದರು. ಕೂರಲು ಹೇಳಲಿಲ್ಲ. ಮಧ್ಯಾಹ್ನ ತಾವೂ ಕಾಲೇಜಿಗೆ ಬಂದರು.

ಪ್ರಿನ್ಸಿಪಾಲರ ಮುಂದೆ ನಿಂತು ನಿಜ ಹೇಳಿದೆ. ಅವರು ನಂಬಲಿಲ್ಲ! “ಎಷ್ಟು ಕೊಟ್ರಯ್ಯಾ ಇದನ್ನ ಹೇಳೋಕೆ? ಫೋಟೊ ಎಲ್ಲಿ? ಬರ್ದಿದ್ದು ಎಲ್ಲಿ?” ಅಂದರು. ಎರಡನ್ನೂ ನಾನೇ ಅಳಿಸಿದ್ದೆ. ಮೇಡಂ ತಲೆ ತಗ್ಗಿಸಿದರು.

“ಲ್ಯಾಬ್ ತೆಗೀರಿ ಸಾರ್, ನಾನೇ ಒತ್ತಿ ತೋರಿಸ್ತೀನಿ” ಅಂದೆ.

ಬಟ್ಟೆ ತೆಗೆದರು. ಪ್ರಿನ್ಸಿಪಾಲರು ಮೇಡಂ ಅವರನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಎಲ್ಲರೂ ನನ್ನ ಬೆನ್ನ ಹಿಂದೆ ನಿಂತರು. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ತಪ್ಪು ಅಂತ ಬಂತು. ಹಿಂದಿನಿಂದ ಯಾರೋ ನಕ್ಕರು. ಬೆವರಿನಿಂದ ಬೆರಳು ಜಾರುತ್ತಿತ್ತು. ಕೀಬೋರ್ಡಿನ ಅಕ್ಷರಗಳೇ ಕಾಣಿಸುತ್ತಿಲ್ಲ. ಮರೆತುಹೋಯಿತೇ? ಮರೆತರೆ ಆ ಹುಡುಗಿಯ ಬದುಕು ಇಲ್ಲಿಗೇ ಮುಗಿಯಿತು. ಅಷ್ಟು ಭಯ ನನ್ನ ಜೀವಮಾನದಲ್ಲಿ ಇನ್ನೊಮ್ಮೆ ಪಟ್ಟಿಲ್ಲ. ಕಣ್ಣು ಮುಚ್ಚಿ ವೈಟ್ನರಿನ ಆ ಬರಹ ನೆನಪಿಸಿಕೊಂಡೆ. ಮೊದಲನೆಯದು ಕ್ಯಾಪಿಟಲ್ ಅಕ್ಷರ! ಮತ್ತೆ ಒತ್ತಿದೆ. ಪರದೆ ತೆರೆದುಕೊಂಡಿತು.

ಹಿಂದೆ ಯಾರೂ ನಗಲಿಲ್ಲ. “ಇಂಗ್ಲಿಷ್ ಬರಲ್ಲ ಅಂದಿದ್ಯಲ್ಲಯ್ಯಾ” ಅಂದರು ಪ್ರಿನ್ಸಿಪಾಲರು.

ಆಮೇಲೆ ಹುಡುಗರನ್ನು ಕರೆದು ಕೇಳಿದಾಗ ಒಬ್ಬ ನನ್ನ ಸ್ಟೇಟಸ್‌ನಲ್ಲಿ ಪಾಸ್‌ವರ್ಡ್ ನೋಡಿ ಮಾರ್ಕ್ಸ್ ತಿದ್ದಿದ್ದನ್ನು ಒಪ್ಪಿಕೊಂಡ. ಮೇಡಂ ಮೇಲಿನ ಆರೋಪ ಹೋಯಿತು. ಆದರೂ ಪಾಸ್‌ವರ್ಡ್ ನನಗೆ ಹೇಳಿದ್ದಕ್ಕೆ ಅವರಿಗೆ ಎಚ್ಚರಿಕೆ ಕೊಟ್ಟರು. ನನ್ನನ್ನು ಕೆಲಸದಿಂದ ತೆಗೆದರು, ಅದು ಸರಿಯೇ.

ಕೆಲಸ ಬಿಟ್ಟು ಹೊರಟ ದಿನ ಗೇಟಿನ ಹತ್ತಿರ ಮೇಡಂ ನನ್ನನ್ನು ತಡೆದು ನಿಲ್ಲಿಸಿದರು. ಕೋಪದಲ್ಲಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು: “ನನ್ ಮುಖ ನೋಡ್ಕೊಂಡೇ ಹಂಗಂದ್ರಲ್ಲ ಗಂಗಣ್ಣ, ಹೆಂಗೆ ಮನಸ್ಸು ಬಂತು?”

“ಹೆದ್ರಿಕೆ ಆಯ್ತು ಮೇಡಂ” ಅಂದೆ.

ಅವರು ತಲೆಯಾಡಿಸಿ ಬಸ್ ಸ್ಟ್ಯಾಂಡ್ ಕಡೆ ನಡೆದರು. ಅವರು ಮರೆಯಾದ ಮೇಲೆ ನನಗೆ ಹೊಳೆಯಿತು. ನಾನು ಸುಳ್ಳು ಹೇಳಿದ ದಿನ ಆ ಕೋಣೆಯಲ್ಲಿ ನನಗಿಂತ ಹೆಚ್ಚು ಹೆದರಿದ್ದವರು ಅವರು. ಯಾರಿಗೂ ಹೇಳಿಲ್ಲ ಅಂದಿದ್ದರೆ ಅವರ ಮೇಲಿನ ಒಂದು ತಪ್ಪಾದರೂ ಕಮ್ಮಿಯಾಗುತ್ತಿತ್ತು. ಆದರೂ ಅವರು ನಿಜವನ್ನೇ ಹೇಳಿದ್ದರು.