ರಾಗಿ ವಾಡೆಯಲ್ಲಿ ಮಲಗಿದ ವೈಫೈ

ಆ ವೈಫೈ ಡಬ್ಬಿಯನ್ನು ರಾಗಿಯೊಳಗೆ ಹೂತಿಟ್ಟವರು ಯಾರು ಎಂಬುದು ನನಗೆ ಖಚಿತವಾಗಿ ನೆನಪಿಲ್ಲ. ನಾನಲ್ಲ ಎಂದು ಬಹುಕಾಲ ನಂಬಿದ್ದೆ. ನನ್ನ ಹೆಂಡತಿ ಸುಮಳ ಪ್ರಕಾರ ನಾನೇ. ಅಷ್ಟೇ ಅಲ್ಲ, ಅಂಗಿಯ ತೋಳು ಮಡಿಚುತ್ತ ‘ಇದು ತರ್ಕಬದ್ಧವಾಗಿದೆ’ ಎಂದು ಬೇರೆ ಹೇಳಿದೆನಂತೆ. ಆ ಮಾತು ನನ್ನದೇ ಧಾಟಿಯಲ್ಲಿರುವುದರಿಂದ ಅಲ್ಲಗಳೆಯುವುದು ಕಷ್ಟ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನಿಗೆ ಲೋಕವನ್ನೆಲ್ಲ ಸಂಶಯಿಸುವ ಪರವಾನಗಿ ಸಿಗುತ್ತದೆ. ಆದರೆ ಅದೇ ಸಂಶಯ ನಡುವಯಸ್ಸಿನಲ್ಲಿ ತಿರುಗಿ ಬಂದು ಅವನ ನೆನಪಿನ ಕತ್ತಿನ ಪಟ್ಟಿಯನ್ನೇ ಹಿಡಿಯುತ್ತದೆಂದು ಯಾವ ಪ್ರಾಧ್ಯಾಪಕರೂ ನನಗೆ ಎಚ್ಚರಿಕೆ ಕೊಡಲಿಲ್ಲ. ಆದ್ದರಿಂದ ಓದುಗರು ಮುಂದಿನದನ್ನು ಅರ್ಧ ನಂಬಿ ಓದಿದರೆ ಸಾಕು. ಬರೆಯುತ್ತಿರುವವನ ಸ್ಥಿತಿಯೂ ಅದೇ.

ಡಬ್ಬಿ ಎಂದೆನಲ್ಲ, ಅದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಸ್ನಾನದ ಸೋಪಿನ ಆಕಾರದ್ದು. ಹೊಟ್ಟೆಯಲ್ಲಿ ಒಂದು ಸಿಮ್ಮು, ಒಂದು ಬ್ಯಾಟರಿ, ಹಣೆಯ ಮೇಲೆ ಒಂದು ಹಸಿರು ದೀಪ. ಹೋದಲ್ಲೆಲ್ಲ ಇಂಟರ್ನೆಟ್ಟು ಹೊತ್ತೊಯ್ಯುವ ಆಸೆಯಿಂದ ಮಂಡ್ಯದಲ್ಲಿ ಕೊಂಡೆ. ಅದರಲ್ಲಿ ನನ್ನನ್ನು ಕಾಡಿದ್ದು ಒಂದೇ ಸಂಗತಿ: ಯಾರೂ ಬಳಸದೆ ಮೇಜಿನ ಮೇಲೆ ಬಿದ್ದಿದ್ದರೂ ಸಂಜೆಯ ಹೊತ್ತಿಗೆ ಅದು ಬಳಲಿ ಬೆಂಡಾಗಿರುತ್ತಿತ್ತು. ಕೆಲಸ ಮಾಡಿ ದಣಿಯುವುದು ಅರ್ಥವಾಗುತ್ತದೆ. ಕೆಲಸಕ್ಕೆ ಸಿದ್ಧನಾಗಿದ್ದೇನೆ ಎಂದು ಕಣ್ಣು ಮಿಟುಕಿಸುತ್ತಲೇ ದಣಿಯುವುದು ಯಾವ ನ್ಯಾಯ? ಈ ಪ್ರಶ್ನೆಯನ್ನು ಮನೆಯಲ್ಲಿ ಎತ್ತಿದಾಗ ಸುಮ ನನ್ನನ್ನು ಆಪಾದಮಸ್ತಕ ನೋಡಿದಳು. ಅಂದು ಭಾನುವಾರ, ನಾನು ಬೆಳಗಿನಿಂದ ಆರಾಮಕುರ್ಚಿಯಲ್ಲಿದ್ದೆ.

ಸಂಶೋಧನೆ ಆರಂಭವಾಯಿತು. ಡಬ್ಬಿಯ ಸೆಟ್ಟಿಂಗುಗಳನ್ನು ಹೊಕ್ಕು ದೀಪದ ಪ್ರಭೆ ತಗ್ಗಿಸಿದೆ, ವೈಫೈ ಹಬ್ಬುವ ದೂರವನ್ನು ಒಂದು ಕೋಣೆಗೆ ಇಳಿಸಿದೆ. ಕೊನೆಗೆ ದೊರೆತದ್ದು ನಿದ್ರಾಸೂತ್ರ: ಜೇಬಿನಲ್ಲಿ ಸುಮ್ಮನಿರುವುದೂ ಸೇರಿ ಯಾವ ಫೋನೂ ಅಂಟಿಕೊಂಡಿರದಿದ್ದರೆ ಡಬ್ಬಿ ಕೆಲಹೊತ್ತಿನಲ್ಲಿ ತಾನಾಗಿ ಮಲಗುತ್ತದೆ; ಮಲಗಿದರೆ ಬ್ಯಾಟರಿ ಬಹಳ ಹೊತ್ತು ಬಾಳುತ್ತದೆ. ಇದನ್ನು ಕಂಡುಕೊಂಡಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಈ ಜ್ಞಾನದಿಂದ ಒಂದು ಮದುವೆ ಮುರಿಯುವ ಹಂತಕ್ಕೆ ಬರಬಹುದೆಂದು ಆಗ ಹೊಳೆಯಲಿಲ್ಲ.

ಮದುವೆ ನನ್ನ ಭಾವಮೈದ ಮಾದೇವನದು, ಅಂದರೆ ಇನ್ನೂ ಆಗಬೇಕಾದದ್ದು. ಕಿರುಗಾವಲಿನ ಹತ್ತಿರ ತೋಟದ ಮನೆ, ಕಬ್ಬು, ಎರಡು ಎಮ್ಮೆ, ತಲೆಯ ನಡುವೆ ತೆಳ್ಳಗಾಗುತ್ತಿರುವ ಕೂದಲು. ನಮ್ಮ ಸೀಮೆಯಲ್ಲಿ ಬೇಸಾಯ ಮಾಡುವ ಗಂಡಿಗೆ ಹೆಣ್ಣು ಸಿಗುವುದು ಎಷ್ಟು ದುರ್ಲಭ ಎಂಬುದನ್ನು ಮಂಡ್ಯದಿಂದ ಮಳವಳ್ಳಿಯವರೆಗೆ ಯಾವ ಬಸ್ಸು ಹತ್ತಿದರೂ ಪಕ್ಕದವರು ವಿವರಿಸುತ್ತಾರೆ. ಹಲವು ಸಂಬಂಧಗಳು ಬಾಗಿಲವರೆಗೆ ಬಂದು ಗದ್ದೆ ನೋಡಿ ಹಿಂದಿರುಗಿದ ಮೇಲೆ, ಮದ್ದೂರಿನ ಹತ್ತಿರದ ವೈದ್ಯನಾಥಪುರದಿಂದ ಒಂದು ಮಾತು ಬಂತು. ಹುಡುಗಿ ಪವಿತ್ರ, ಮಂಡ್ಯದ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳದು ಒಂದೇ ಷರತ್ತು: ಉಪ್ಪಿಟ್ಟು ಕೇಸರಿಬಾತಿನ ಶಾಸ್ತ್ರ ಆಮೇಲೆ, ಮೊದಲು ವಿಡಿಯೋ ಕಾಲಿನಲ್ಲಿ ಮಾತಾಡಬೇಕು, ಡ್ಯೂಟಿಯಲ್ಲಿ ಯಾವಾಗ ಬಿಡುವಾಗುತ್ತದೋ ಆಗ ತಾನೇ ಮಾಡುತ್ತಾಳೆ. ಯಾವಾಗ ಎಂದು ಹೇಳಲಾರಳು.

ಅಂದರೆ ಮನೆ ಇಡೀ ದಿನ ಸಿದ್ಧವಾಗಿ ಕೂತಿರಬೇಕು. ತೋಟದ ಮನೆಯಲ್ಲಿ ಮಾದೇವನ ಫೋನಿಗೆ ಸಿಗ್ನಲ್ಲಿಲ್ಲ. ನನ್ನ ಡಬ್ಬಿಯ ಸಿಮ್ಮಿಗೆ ಮಾತ್ರ ನಡುಮನೆಯ ಕಿಟಕಿಯ ಬಳಿ ಕಡ್ಡಿಯಷ್ಟು ಸಿಗುತ್ತದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಮಾತಾಡಿದರಾಯಿತು ಎಂದ ಮಾದೇವನ ಮೇಲೆ ಮಾವ ಹರಿಹಾಯ್ದರು. “ಗಂಡು ಬಸ್‌ಸ್ಟ್ಯಾಂಡಲ್ಲಿ ನಿಂತವ್ನೆ ಅಂತ ತೋರ್ಸಾದೇನ್ಲಾ? ಇಂದ್ಗಡೆ ಸುಣ್ಣ ಒಡ್ದಿರ ಗ್ವಾಡೆ ಕಾಣ್ಬೇಕು ಕಣ್ಲಾ!”

ಮಾವನ ಪರಿಚಯ ಇಲ್ಲಿ ಅಗತ್ಯ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಇಡೀ ಆಯುಷ್ಯ ದುಡಿದು ನಿವೃತ್ತರಾದವರು. ಕೆಲಸ ಉಗ್ರಾಣದಲ್ಲಿ, ಬೋಲ್ಟು ನಟ್ಟುಗಳ ನಡುವೆ. ಆದರೂ ವಿದ್ಯುತ್ತಿನ ವಿಷಯದಲ್ಲಿ ಅವರದು ಕೊನೆಯ ಮಾತು. ಕಾವೇರಿ ಧುಮುಕುವುದೇ ತಮ್ಮ ಸಹಿ ಬಿದ್ದ ಮೇಲೆ ಎಂಬಂತೆ ಅವರು ಕರೆಂಟಿನ ಬಗ್ಗೆ ಮಾತಾಡುತ್ತಾರೆ.

ನಾನೂ ಸುಮಳೂ ಬೆಳಗಿನ ಬಸ್ಸಿನಲ್ಲಿ ಡಬ್ಬಿಯೊಂದಿಗೆ ಹೋಗಿಳಿಯುವಷ್ಟರಲ್ಲಿ ಕರೆಂಟು ಹೋಗಿತ್ತು. ಎಲ್ಲೋ ಲೈನ್ ಕೆಲಸವಂತೆ, ಸಂಜೆಯವರೆಗೂ ಬರುವುದಿಲ್ಲವಂತೆ. ಬಾಗಿಲಲ್ಲೇ ಎದುರಾದ ಮಾವನ ಅಂಗಿಯ ಜೇಬು ಉಬ್ಬಿತ್ತು; ಅದರಿಂದ ಬೆಳ್ಳಗಿನದೇನೋ ಇಣುಕುತ್ತಿತ್ತು. ಸುಣ್ಣದ ಡಬ್ಬಿ ಇರಬೇಕು ಎಂದುಕೊಂಡೆ. ಅವರು ಎಲೆಯಡಿಕೆ ಬಿಟ್ಟು ವರ್ಷಗಳಾಗಿವೆ ಎಂಬುದು ನನಗೆ ಗೊತ್ತಿತ್ತು. ಆದರೆ ಗೊತ್ತಿರುವುದೂ ನೆನಪಾಗುವುದೂ ಒಂದೇ ಅಲ್ಲ.

ಚಾರ್ಜು ಮಾಡುವ ದಾರಿ ಮುಚ್ಚಿದ್ದರಿಂದ ಎಲ್ಲರ ದೃಷ್ಟಿಯೂ ಡಬ್ಬಿಯ ಹಸಿರು ದೀಪದ ಮೇಲೆ ನೆಟ್ಟಿತು. ಮಾದೇವ ಇಸ್ತ್ರಿಯ ಬಿಳಿ ಅಂಗಿ ತೊಟ್ಟಿದ್ದ. ಸುಕ್ಕಾಗುತ್ತದೆಂದು ಅತ್ತೆ ಅವನನ್ನು ಕೂರಲು ಬಿಡಲಿಲ್ಲ. ಸುಣ್ಣ ಹೊಡೆದ ಗೋಡೆಗೆ ಒರಗದೆ ಅದರ ಮುಂದೆ ನಿಂತೇ ಇದ್ದ. ವಿಷಯ ತಿಳಿದು ಅಕ್ಕಪಕ್ಕದ ತೋಟದ ದಾಯಾದಿಗಳೆಲ್ಲ ಬಂದು ಚಾಪೆ ತುಂಬಿದರು. ಬಂದವರು ಕಾಫಿ ಕುಡಿದು ‘ವೈಫೈ ಏನು ಪಾಸ್‌ವರ್ಡು’ ಎಂದು ಕೇಳಿದರು. ಕೇಳಿದವರಿಗೆ ಇಲ್ಲ ಎನ್ನುವುದು ಆ ಮನೆಯ ಪದ್ಧತಿಯಲ್ಲ. ಅತ್ತೆ ಕಾಫಿ ಲೋಟದ ಜೊತೆಗೇ ಪಾಸ್‌ವರ್ಡನ್ನೂ ಹಂಚುತ್ತ ಹೋದರು. ಕೆಲವೇ ಹೊತ್ತಿನಲ್ಲಿ ಒಬ್ಬರ ಫೋನಿನಲ್ಲಿ ಟಗರು ಕಾಳಗ, ಇನ್ನೊಬ್ಬರದರಲ್ಲಿ ಟ್ರ್ಯಾಕ್ಟರು ರಿಪೇರಿ. ಡಬ್ಬಿ ಬಿಸಿಯಾಗಿ ಬ್ಯಾಟರಿ ಅರ್ಧಕ್ಕಿಳಿಯಿತು.

“ಬಿಸ್ಲಿಗಿಡಿ ಅಳಿಯಂದ್ರೆ,” ಎಂದರು ಮಾವ. “ಬ್ಯಾಟ್ರಿಗೆ ಬಿಸ್ಲು ತಗುಲ್ಬೇಕು. ಸೆಲ್ಲು ಎಂಗ್ ಮಾಡ್ತಿದ್ದೋ?”

ಹೌದು, ಟಾರ್ಚಿನ ಸೆಲ್ಲು ಸೊರಗಿದಾಗ ಹಂಚಿನ ಮೇಲೆ ಒಣಹಾಕಿ ಮತ್ತೆರಡು ದಿನ ಬೆಳಕು ಹಿಂಡುತ್ತಿದ್ದದ್ದು ನನ್ನ ಬಾಲ್ಯದಲ್ಲೂ ಉಂಟು. ಅಥವಾ ಯಾರೋ ಹೇಳಿದ್ದನ್ನು ಕೇಳಿ ನನ್ನ ಬಾಲ್ಯಕ್ಕೆ ಸೇರಿಸಿಕೊಂಡಿರಬಹುದು. ಅಂತೂ ಡಬ್ಬಿ ತಾರಸಿಯ ಮೇಲೆ ಒಣಮೆಣಸಿನಕಾಯಿಯ ಪಕ್ಕ ಹರಡಲ್ಪಟ್ಟಿತು. ಸ್ವಲ್ಪ ಹೊತ್ತಿಗೆ ಅದು ಕೆಂಪು ದೀಪ ತೋರಿಸಿ, ಮುಟ್ಟಿದರೆ ಕೈ ಸುಡುವಂತಾಯಿತು.

ಆಗ ನನ್ನ ಸಹನೆಯ ಕಟ್ಟೆಯೊಡೆಯಿತು. ಚಾಪೆಯ ಮುಂದೆ ನಿಂತು ನಿದ್ರಾಸೂತ್ರವನ್ನು ವಿವರಿಸಿದೆ. ಬ್ಯಾಟರಿ ಬಾಳಬೇಕಾದರೆ ಡಬ್ಬಿ ಮಲಗಬೇಕು. ಡಬ್ಬಿ ಮಲಗಬೇಕಾದರೆ ಯಾವ ಫೋನೂ ಅದಕ್ಕೆ ಅಂಟಿರಬಾರದು. ಆದ್ದರಿಂದ ಎಲ್ಲ ಫೋನುಗಳೂ ಆರಬೇಕು. ಉಪಪತ್ತಿಯಲ್ಲಿ ಎಳ್ಳಷ್ಟು ಬಿರುಕಿರಲಿಲ್ಲ. ಮಾವ ತಕ್ಷಣ ಮೊರವೊಂದನ್ನು ತಂದು, ದಾಯಾದಿಗಳ ಒಂದೊಂದು ಫೋನನ್ನೂ ಸ್ವಿಚ್ ಆಫ್ ಮಾಡಿಸಿ ತುಂಬಿಕೊಂಡರು. ಕೊನೆಗೆ ಮಗನ ಮುಂದೆ ಮೊರ ಚಾಚಿದರು.

“ನಂದೂ ಆಕ್ಲಾ ಬಾವ?” ಎಂದ ಮಾದೇವ, ನಿಂತಲ್ಲಿಂದಲೇ.

“ಎಲ್ಲರದ್ದೂ,” ಎಂದೆ. ಈ ಒಂದು ಶಬ್ದ ಮಾತ್ರ ನನ್ನದೇ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಮರೆಯಲು ಪಟ್ಟ ಪ್ರಯತ್ನಗಳೆಲ್ಲ ವಿಫಲವಾಗಿವೆ.

ಇನ್ನು ಬಿಸಿಯಾದ ಡಬ್ಬಿಯನ್ನು ತಂಪಾಗಿಡುವ ಪ್ರಶ್ನೆ. ಒದ್ದೆ ಬಟ್ಟೆ ಸುತ್ತೋಣವೆಂದರು ಮಾವ. ಅತ್ತೆ ಒಳಕೋಣೆಯ ವಾಡೆಯ ಕಡೆ ಕೈ ತೋರಿಸಿದರು. ವಾಡೆ ಎಂದರೆ ಆಳೆತ್ತರದ ಮಣ್ಣಿನ ಗುಡಾಣ, ಅದರ ತುಂಬ ರಾಗಿ. “ರಾಗಿ ಎಂಥ ಬ್ಯಾಸ್ಗೇಲೂ ತಣ್ಗಿರ್ತದೆ. ಅದ್ರೊಳಿಕ್ಕೆ ಇಟ್ಬುಡಿ, ವರ್ಸಗಟ್ಲೆ ಕೆಡಾಕಿಲ್ಲ.” ಮಲಗುವುದೆಂದ ಮೇಲೆ ಎಲ್ಲಿ ಮಲಗಿದರೇನು? ಯಾರೋ ಡಬ್ಬಿಯನ್ನು ರಾಗಿಯಲ್ಲಿ ಹೂತರು. ಆ ಯಾರೋ ನಾನಿರಬಹುದು ಎಂದು ಆಗಲೇ ಹೇಳಿದೆ.

ಮನೆಯಲ್ಲಿ ಅಪೂರ್ವ ಶಾಂತಿ ನೆಲೆಸಿತು. ಕರೆ ಬರುವುದನ್ನು ನಾವೆಲ್ಲ ಶ್ರದ್ಧೆಯಿಂದ ಕಾದೆವು. ದಾಯಾದಿಗಳು ಊಟ ಮಾಡಿ, ಮೊರದಿಂದ ತಂತಮ್ಮ ಫೋನು ಎತ್ತಿಕೊಂಡು ಹೋದರು. ಮಾದೇವ ನಿಂತೇ ಮುದ್ದೆ ನುಂಗಿದ. ದೂರದಲ್ಲಿ ಹಿಟ್ಟಿನ ಗಿರಣಿಯ ಸದ್ದು ಕೇಳಿದಂತೆಯೂ ನನಗೆ ನೆನಪು. ಕರೆಂಟಿಲ್ಲದ ದಿನ ಗಿರಣಿ ಹೇಗೆ ಓಡೀತು ಎಂದು ಆ ನೆನಪನ್ನು ಅನಂತರ ನಾನೇ ಗದರಿಸಿ ಕೂರಿಸಿದ್ದೇನೆ.

ಹೊತ್ತು ಪಡುವಣಕ್ಕೆ ವಾಲಿದಾಗ ಸುಮ ಮೆಲ್ಲಗೆ ಕೇಳಿದಳು. “ರೀ, ನಮ್ ಫೋನೆಲ್ಲ ಮೊರದೊಳಗವೆ, ವೈಫೈ ರಾಗಿಯೊಳಗದೆ. ಆ ಹುಡ್ಗಿ ಫೋನ್ ಮಾಡುದ್ರೆ ಅದು ಬರಾದು ಎಲ್ಲಿಗೆ?”

ಓದುಗರೇ, ಕರೆಯೊಂದು ಬರಲಿ ಎಂದು ಬ್ಯಾಟರಿ ಉಳಿಸಿ, ಬ್ಯಾಟರಿ ಉಳಿಯಲಿ ಎಂದು ಕರೆಯೇ ಬಾರದಂತೆ ಮಾಡಿದ್ದೆ. ಮಾದೇವ ನನ್ನನ್ನು ಬೈಯಲಿಲ್ಲ. “ಅವ್ರು ಇನ್ನೆಲ್ಲಿ ಮಾಡ್ತರೆ ಬುಡು ಬಾವ,” ಎಂದಷ್ಟೇ ಹೇಳಿ, ಇಡೀ ದಿನ ಕಾಪಾಡಿಕೊಂಡಿದ್ದ ಅಂಗಿಯಲ್ಲೇ ವಾಡೆಯೊಳಗೆ ತೋಳು ತುರುಕಿದ. ಅವನ ಸ್ವರದಲ್ಲಿ ಹಿಂದಿರುಗಿದ ಸಂಬಂಧಗಳೆಲ್ಲ ಇದ್ದವು. ಡಬ್ಬಿ ರಾಗಿಯಲ್ಲಿ ಜಾರಿ ಆಳಕ್ಕಿಳಿದಿತ್ತು.

ಅವನು ಹೆಗಲವರೆಗೆ ಮುಳುಗಿದ್ದಾಗ ಜಗುಲಿಯಲ್ಲಿ ಚಪ್ಪಲಿಯ ಸದ್ದಾಯಿತು. ಹೆಗಲಿಗೆ ಬ್ಯಾಗು ಹಾಕಿದ ಹೆಣ್ಣುಮಗಳೊಬ್ಬಳು, ಹಿಂದೆ ಏದುಸಿರು ಬಿಡುತ್ತ ಅವಳ ತಾಯಿ.

“ಮಾದೇವ ಅನ್ನೋರ ಮನೆ ಇದೇನಾ?” ಎಂದಳು ಪವಿತ್ರ. “ಆಗ್ಲಿಂದ ಮಾಡ್ತಾವ್ನಿ, ನಾಟ್ ರೀಚಬಲ್ಲು ನಾಟ್ ರೀಚಬಲ್ಲು ಅಂತದೆ. ಡ್ಯೂಟಿ ಮುಗೀತು, ಮದ್ದೂರಲ್ಲಿ ಅವ್ವುನ್ನ ಅತ್ತುಸ್ಕೊಂಡೆ, ಮಳವಳ್ಳೀಲಿ ಬಸ್ಸು ಬದ್ಲಾಯ್ಸಿ ಬಂದೆ. ಬ್ಯಾಡ ಅನ್ನಂಗಿದ್ರೆ ಎದುರ್ಗೇ ಅನ್ಲಿ ಅಂತ.”

ಒಳಕೋಣೆಯಿಂದ ಮಾದೇವ ಬಂದ. ಬಿಳಿ ಅಂಗಿಯ ತುಂಬ ಕೆಂಗಂದು ಧೂಳು, ಹುಬ್ಬಿನ ಮೇಲೂ ರಾಗಿ, ಕೈಯಲ್ಲಿ ಡಬ್ಬಿ.

“ಬ್ಯಾಡ ಅಂತಲ್ಲ ಕಣ್ರೀ,” ಎಂದ. “ನೀವು ಮಾಡ್ತೀರಾ ಅಂತಾವ ಚಾರ್ಜು ಉಳುಸ್ತಿದ್ದೊ.”

“ರಾಗೀಲಾ?”

“ತಣ್ಗಿರ್ಲಿ ಅಂತ. ಬಿಸಿ ಆಗಿತ್ತು.”

“ನಾವು ಜ್ವರ ಬಂದೋರ್ಗೆ ಒದ್ದೆ ಬಟ್ಟೆ ಆಕ್ತೀವಿ ಕಣ್ರೀ, ಊತಾಕಾಕಿಲ್ಲ,” ಎಂದು ಅವಳು ನಕ್ಕಳು. ಒದ್ದೆ ಬಟ್ಟೆ ಎಂದಾಗ ಮಾವ ನನ್ನ ಕಡೆ ಗೆಲುವಿನ ನೋಟ ಬೀರಿದರು.

ಅವಳು ಮನೆ ನೋಡಿದಳು, ಎಮ್ಮೆ ನೋಡಿದಳು, ಸುಣ್ಣ ಹೊಡೆದ ಗೋಡೆಯ ಕಡೆ ಬೆನ್ನು ಹಾಕಿ ಕೂತು ಕಾಫಿ ಕುಡಿದಳು. ಬೆಳಗಿನಿಂದ ಅವನು ಕೂತೇ ಇಲ್ಲ ಎಂದು ಅತ್ತೆ ಹೇಳಿದಾಗ, “ಕುಂತ್ಕಳ್ರೀ ಈಗಾದ್ರೂವ,” ಎಂದಳು. ಮಾದೇವ ಕೂತ. ಆ ಕೂರುವಿಕೆಯಲ್ಲೇ ಸಂಬಂಧ ಗಟ್ಟಿಯಾಯಿತೆಂದು ಸುಮ ಇಂದಿಗೂ ಹೇಳುತ್ತಾಳೆ. ತಾಯಿ ಮಗಳು ಸಂಜೆಯ ಬಸ್ಸಿಗೆ ಹೊರಟ ಮೇಲೆ ಮಾವ ಮೀಟರು ಬೋರ್ಡಿನ ಕಡೆ ಹೋಗಿ ಬಂದರು. ಮನೆಯಲ್ಲಿ ದೀಪ ಹತ್ತಿತು. ‘ಒಳ್ಳೆ ಸಕುನ’ ಎಂದು ಅತ್ತೆ ಕೈಮುಗಿದರು.

ಪವಿತ್ರ ಈಗ ಆ ಮನೆಯವಳು. ಕಿರುಗಾವಲಿನಿಂದಲೇ ಡ್ಯೂಟಿಗೆ ಓಡಾಡುತ್ತಾಳೆ. ಡಬ್ಬಿ ನನ್ನ ಮೇಜಿನ ಮೇಲಿದೆ, ಅಲುಗಿಸಿದರೆ ಒಳಗೆಲ್ಲೋ ಒಂದೆರಡು ರಾಗಿಕಾಳು ಸದ್ದು ಮಾಡುತ್ತವೆ. ಈಗಲೂ ಸಂಜೆಗೆ ಬಳಲುತ್ತದೆ, ನಾನು ಬೈಯುವುದಿಲ್ಲ. ಗೋಡೆಗೆ ಒರಗದೆ ದಿನವಿಡೀ ನಿಂತವನನ್ನು ಕಂಡ ಮೇಲೆ, ಸುಮ್ಮನೆ ಸಿದ್ಧವಾಗಿರುವುದಕ್ಕೂ ಎಷ್ಟು ಕಸುವು ಬೇಕೆಂದು ಗೊತ್ತಾಗಿದೆ.

ಇಷ್ಟರಲ್ಲಿ ಎಷ್ಟು ನಿಜವೋ ಹೇಳಲಾರೆ. ಒಂದನ್ನು ಮಾತ್ರ ಪರೀಕ್ಷಿಸಿ ನೋಡಿದ್ದೇನೆ. ಅಂದು ಮಾವನ ಜೇಬಿನಿಂದ ಇಣುಕಿದ ಆ ಬಿಳಿ ವಸ್ತು ಸುಣ್ಣದ ಡಬ್ಬಿಯಲ್ಲ, ಪಿಂಗಾಣಿಯ ಫ್ಯೂಸು. ಕರೆಂಟು ಹೋದೊಡನೆ, ಬರುವಾಗ ಜೋರಾಗಿ ಬಂದು ಬಲ್ಬು ಸುಡದಿರಲೆಂದು ಫ್ಯೂಸು ಕಿತ್ತು ಜೇಬಿಗಿಳಿಸುವುದು ಮಾವನ ರೂಢಿ. ಅಂದು ಗಡಿಬಿಡಿಯಲ್ಲಿ ಸಂಜೆಯವರೆಗೂ ಅದನ್ನು ಮತ್ತೆ ಹಾಕುವುದನ್ನು ಮರೆತಿದ್ದರಂತೆ, ಈಚೆಗೆ ಅವರೇ ಬಾಯಿಬಿಟ್ಟರು. ನಾನು ನೇರವಾಗಿ ಗಿರಣಿಗೆ ಹೋಗಿ ಕೇಳಿದೆ. ಲೈನ್ ಕೆಲಸ ಬೇಗ ಮುಗಿದು, ಅಂದು ಮಧ್ಯಾಹ್ನದೂಟಕ್ಕೆ ಮೊದಲೇ ಕರೆಂಟು ಬಂದಿತ್ತು. ಹೊತ್ತು ಮುಳುಗುವವರೆಗೆ ಗಿರಣಿ ಓಡಿತ್ತು.